ದೊಡ್ಡಾಸ್ಪತ್ರೆ ಸೇರಿದ ಮೇಲೂ ಊರ ಡಾಕ್ಟರು ಬೇಕು

ಸ್ತನದಲ್ಲಿ ಗಂಟು ಕಂಡು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಯವರು ಊರ ಡಾಕ್ಟರನ್ನು ಮರೆತುಬಿಡುತ್ತಾರೆ. ಇನ್ನೇನಿದ್ದರೂ ಬೆಂಗಳೂರು, ಸ್ಪೆಷಲಿಸ್ಟು, ಸ್ಕ್ಯಾನು. ಚಿಕಿತ್ಸೆಗೆ ದೊಡ್ಡಾಸ್ಪತ್ರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತಿರದ ಡಾಕ್ಟರ ಸಂಪರ್ಕ ಕಡಿದುಕೊಂಡರೆ ಹಣ ಉಳಿಯುತ್ತದೆ ಎನ್ನುವುದು ತಪ್ಪು.

ನಂಬಿಕೆ: ಕ್ಯಾನ್ಸರ್ ರೋಗಿಗೆ ಊರ ಡಾಕ್ಟರಿಂದ ಆಗುವುದು ಏನೂ ಇಲ್ಲ

ಐವತ್ತರ ಆಸುಪಾಸಿನ ಎಷ್ಟೋ ಹೆಂಗಸರಿಗೆ ಕ್ಯಾನ್ಸರಿನ ಜೊತೆ ಶುಗರ್, ಬಿಪಿಯೂ ಇರುತ್ತವೆ. ಕಿಮೊ ಕೊಡುವಾಗ ವಾಂತಿ, ಅಲರ್ಜಿ ತಡೆಯಲು ಸ್ಟೀರಾಯ್ಡ್ ಕೊಡುವುದುಂಟು. ಅದರಿಂದ ಶುಗರ್ ಏರುತ್ತದೆ. ಕ್ಯಾನ್ಸರ್ ತಜ್ಞರ ಗಮನ ಗೆಡ್ಡೆಯ ಮೇಲಿರುತ್ತದೆ, ಶುಗರ್ ಮಾತ್ರೆ ಕೊಟ್ಟವರು ಊರಲ್ಲಿರುತ್ತಾರೆ. ಇವರು ಅಲ್ಲಿ ನೋಡುತ್ತಾರೆಂದು ಅವರು, ಅವರು ನೋಡುತ್ತಾರೆಂದು ಇವರು ಸುಮ್ಮನಿದ್ದರೆ ಮುಂದಿನ ಕಿಮೊ ತಪ್ಪಬಹುದು, ಶುಗರ್ ಇಳಿಸಲೆಂದೇ ಅಡ್ಮಿಟ್ ಆಗಬೇಕಾಗಬಹುದು.

ಜ್ವರದ ವಿಷಯ ಇನ್ನೂ ಗಂಭೀರ. ಕಿಮೊ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ಈಕೆಗೆ ಕಿಮೊ ನಡೆಯುತ್ತಿದೆ ಎಂದು ತಿಳಿದ ಡಾಕ್ಟರು ಜ್ವರದ ಮಾತ್ರೆ ಕೊಟ್ಟು ನಾಳೆ ಬನ್ನಿ ಎನ್ನುವುದಿಲ್ಲ, ರಕ್ತಪರೀಕ್ಷೆ ಮತ್ತು ಆಂಟಿಬಯಾಟಿಕ್ ಇಂಜೆಕ್ಷನ್ ಸಿಗುವ ಆಸ್ಪತ್ರೆಗೆ ಕೂಡಲೇ ಕಳಿಸುತ್ತಾರೆ. ಗೊತ್ತಿಲ್ಲದವರಿಗೆ ಅದು ಬರೀ ವೈರಲ್ ಜ್ವರದಂತೆ ಕಾಣಬಹುದು. ತಡವಾಗಿ ಐಸಿಯು ಸೇರಿದರೆ ಆಗುವ ಖರ್ಚು ಮನೆಯವರ ಲೆಕ್ಕಕ್ಕೆ ಸಿಗುವಂಥದ್ದಲ್ಲ, ಜೀವಕ್ಕೂ ಭರವಸೆಯಿಲ್ಲ.

ನಂಬಿಕೆ: ಎಲ್ಲ ಡಾಕ್ಟರು ಹೊಂದಿಕೊಂಡು ನೋಡಿದರೆ ಬಿಲ್ ತಕ್ಷಣ ಇಳಿಯುತ್ತದೆ

ಇದು ಒಳ್ಳೆಯ ಮನಸ್ಸಿನವರ ತಪ್ಪು ಕಲ್ಪನೆ. ಅಮೆರಿಕದಲ್ಲಿ ರೋಗಿಯ ಎಲ್ಲ ಚಿಕಿತ್ಸೆಗೂ ಒಬ್ಬ ಪ್ರಾಥಮಿಕ ವೈದ್ಯರನ್ನು ಹೊಣೆ ಮಾಡುವ 'ಮೆಡಿಕಲ್ ಹೋಮ್' ವ್ಯವಸ್ಥೆಯಿದೆ. ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ, ಬಡವರಿಗಿರುವ ಮೆಡಿಕೇಡ್ ವಿಮೆಯಡಿ ಚಿಕಿತ್ಸೆ ಪಡೆದ ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ನೋಡಿದಾಗ, ಈ ವ್ಯವಸ್ಥೆಗೆ ಸೇರಿದವರಿಗೆ ಆರಂಭದ ತಿಂಗಳುಗಳಲ್ಲಿ ಖರ್ಚು ಹೆಚ್ಚೇ ಆಗಿತ್ತು.

ಇದನ್ನು ಸೋಲು ಎನ್ನಲು ನಾನು ಒಪ್ಪುವುದಿಲ್ಲ. ಯಾರಾದರೂ ಬೆನ್ನ ಹಿಂದೆ ನಿಂತು ವಿಚಾರಿಸಿದರೆ, ತಪ್ಪಿಹೋಗಬಹುದಾಗಿದ್ದ ಪರೀಕ್ಷೆ ನಡೆಯುತ್ತದೆ, ಬಿಟ್ಟುಬಿಡಬಹುದಾಗಿದ್ದ ರೇಡಿಯೇಷನ್ ಪೂರ್ತಿಯಾಗುತ್ತದೆ. ಇವೆಲ್ಲಕ್ಕೂ ದುಡ್ಡು ಬೇಕು. ಚಿಕಿತ್ಸೆ ಅರ್ಧಕ್ಕೇ ಬಿಟ್ಟವಳ ಬಿಲ್ಲು ಎಲ್ಲರಿಗಿಂತ ಕಡಿಮೆಯಿರುತ್ತದೆ. ಹಾಗಾಗಿ ಮೊದಲ ವರ್ಷದ ಮೊತ್ತವೊಂದನ್ನೇ ಹಿಡಿದು ಅಳೆಯಬಾರದು, ಆ ಹಣಕ್ಕೆ ಏನು ಸಿಕ್ಕಿತು ಎಂದು ಕೇಳಬೇಕು.

ನಂಬಿಕೆ: ಕಾರ್ಡಿದೆ, ಕೈಯಿಂದ ಏನೂ ಖರ್ಚಾಗದು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ದೊಡ್ಡ ಆಸರೆಯೇ. ಆದರೆ ಬೆಂಗಳೂರಿನಲ್ಲಿ ಉಳಿಯುವ ಖರ್ಚು, ಊಟ, ಜೊತೆಗೆ ಬಂದವರ ಕೂಲಿನಷ್ಟ ಇದರೊಳಗೆ ಬರುವುದಿಲ್ಲ. 2023ರ ಶಕ್ತಿ ಯೋಜನೆಯಿಂದ ರೋಗಿ ಹೆಂಗಸಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟ್ ಬೇಕು. ಮೂರು ವಾರಕ್ಕೊಂದರಂತೆ ಆರೆಂಟು ಸಲ ಓಡಾಡುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. 2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕಿಮೊಥೆರಪಿ ಕೇಂದ್ರಗಳು ತೆರೆದಿವೆ. ಕಿಮೊ ಯೋಜನೆ ಬರೆದುಕೊಟ್ಟ ಮೇಲೆ ಮುಂದಿನ ಸರದಿಗಳನ್ನು ಜಿಲ್ಲೆಯಲ್ಲೇ ತೆಗೆದುಕೊಳ್ಳಬಹುದೇ ಎಂದು ತಜ್ಞರನ್ನು ಬಾಯಿಬಿಟ್ಟು ಕೇಳಿ.

ಆಸ್ಪತ್ರೆ ಬದಲಾದರೆ ಎಲ್ಲ ಪರೀಕ್ಷೆ ಮತ್ತೆ ಮೊದಲಿನಿಂದ ಆಗಬೇಕೆಂದೂ ಅನೇಕರು ಒಪ್ಪಿಕೊಂಡುಬಿಟ್ಟಿದ್ದಾರೆ. ಬಯಾಪ್ಸಿಯ ತುಣುಕನ್ನು ಲ್ಯಾಬಿನಲ್ಲಿ ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಆ ಬ್ಲಾಕನ್ನೂ ಸ್ಲೈಡುಗಳನ್ನೂ ಕೇಳಿ ಪಡೆದು ಒಯ್ದರೆ ಹೊಸ ಆಸ್ಪತ್ರೆಯವರು ಅದನ್ನೇ ಮರುಪರಿಶೀಲಿಸಬಹುದು. ಸ್ಕ್ಯಾನಿನ ರಿಪೋರ್ಟ್ ಜೊತೆ ಸಿಡಿಯನ್ನೂ ಇಟ್ಟುಕೊಳ್ಳಬೇಕು. ಎಲ್ಲವೂ ಒಂದೇ ಫೈಲಿನಲ್ಲಿದ್ದು, ಅದರ ಒಂದು ಪ್ರತಿ ಊರ ಡಾಕ್ಟರ ಬಳಿಯೂ ಇರಲಿ.

ಚಿಕಿತ್ಸೆ ಮುಗಿಯಿತು ಎನ್ನುವ ಹೊತ್ತಿಗೆ ಊರ ಡಾಕ್ಟರ ಕೆಲಸ ಇನ್ನೂ ಹೆಚ್ಚುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿದ್ದವರು ಟಾಮೊಕ್ಸಿಫೆನ್‌ನಂಥ ಮಾತ್ರೆಯನ್ನು ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು. ಮಾತ್ರೆ ಅಗ್ಗ, ಆದರೆ ಮೈ ಬಿಸಿಯೇರುವುದು, ಬೆವರುವುದು ತಾಳಲಾಗದೆ ಯಾರಿಗೂ ಹೇಳದೆ ನಿಲ್ಲಿಸಿಬಿಡುವವರಿದ್ದಾರೆ. ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ಹೆಚ್ಚು. ತಿಂಗಳಿಗೊಮ್ಮೆ ಬಿಪಿ ನೋಡುವ ಡಾಕ್ಟರು "ಮಾತ್ರೆ ತಗೋತಿದ್ದೀರಾ ಅಮ್ಮಾ?" ಎಂದು ಕೇಳಿದರೆ ತೊಂದರೆ ಹೊರಬರುತ್ತದೆ, ತಜ್ಞರೊಡನೆ ಮಾತಾಡಿ ಬೇರೆ ದಾರಿ ಹುಡುಕಲೂ ಆಗುತ್ತದೆ. ಮುಟ್ಟು ನಿಂತ ಮೇಲೆ ಈ ಮಾತ್ರೆ ತೆಗೆದುಕೊಳ್ಳುವಾಗ ರಕ್ತಸ್ರಾವ ಕಂಡರೆ ನಾಚಿಕೊಂಡು ಮುಚ್ಚಿಡದೆ ಆ ವಾರವೇ ತೋರಿಸಬೇಕು, ಗರ್ಭಕೋಶದ ಒಳಪದರವನ್ನು ಪರೀಕ್ಷಿಸಬೇಕಾಗುತ್ತದೆ.