ಹಳೆಯ ಯುದ್ಧವಾಹನಗಳು: ಕಣ್ಣಿಗೆ ಹಬ್ಬ, ಕೈಗೆ ಎಚ್ಚರ

ಮಹಾನಗರಗಳಲ್ಲಿ ನಡೆಯುವ ಹಳೆಯ ಮೋಟಾರು ವಾಹನಗಳ ಪ್ರದರ್ಶನಗಳನ್ನು ನಮ್ಮಲ್ಲಿ ಅನೇಕರು ಸಂಸಾರಸಮೇತರಾಗಿ ನೋಡಿರಬಹುದು. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯು 1964ರಲ್ಲಿಯೇ ಇಂತಹ ರ‍್ಯಾಲಿಯನ್ನು ಆರಂಭಿಸಿತು. ಈ ಮೆರವಣಿಗೆಗಳಲ್ಲಿ ಥಳಥಳಿಸುವ ಕಾರುಗಳ ನಡುವೆ ಹಸಿರು ಬಣ್ಣದ ಸೈನಿಕ ಜೀಪೊಂದು ನಿಂತಿದ್ದರೆ ಮಕ್ಕಳ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.

1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಬರ್ಮಾ ರಣರಂಗದ ನಿಮಿತ್ತ ಭಾರತಕ್ಕೆ ಬಂದ ಹಲವು ವಾಹನಗಳು ಯುದ್ಧಾನಂತರ ಹರಾಜಿನ ಮೂಲಕ ಖಾಸಗಿಯವರ ಕೈಸೇರಿದವು. ಅವನ್ನು ಮಕ್ಕಳಂತೆ ಸಾಕಿ ಸಲಹಿದ ಹವ್ಯಾಸಿಗಳಿಂದಲೇ ಇಂದು ನಮಗೆ ಅವುಗಳ ದರ್ಶನಭಾಗ್ಯ. ಆದರೆ ಇವುಗಳ ಒಡಲಲ್ಲಿ ಅಡಗಿರುವ ಎರಡು ಅಪಾಯಗಳನ್ನು ಆರೋಗ್ಯದೃಷ್ಟಿಯಿಂದ ಅರಿತಿರುವುದು ಲೇಸು.

ಮೊದಲನೆಯದು ರೇಡಿಯಂ. ಕತ್ತಲಲ್ಲಿ ಕಾಣಲೆಂದು ಅಂದಿನ ಅನೇಕ ಸೈನಿಕ ವಾಹನಗಳ ಮೀಟರುಗಳ ಮುಳ್ಳು ಹಾಗೂ ಅಂಕಿಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ಈಗ ಹೊಳಪು ಮಾಸಿದೆ. ಆದರೆ ನಶಿಸಿರುವುದು ಬೆಳಗುವ ರಾಸಾಯನಿಕವೇ ಹೊರತು ವಿಕಿರಣವಲ್ಲ. ರೇಡಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 1600 ವರ್ಷಗಳು ಬೇಕು. ದೇಹವನ್ನು ಹೊಕ್ಕ ರೇಡಿಯಂ ಸುಣ್ಣದಂಶದ ಹಾಗೆ ಎಲುಬಿನಲ್ಲಿ ನೆಲೆಸುತ್ತದೆ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರಗಳಿಗೆ ಈ ಬಣ್ಣ ಬಳಿಯುತ್ತ, ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದ ತರುಣಿಯರ ದವಡೆಗಳು ಕೊಳೆತುಹೋದವು; ಹಲವರು ಮೃತರಾದರು.

ಎರಡನೆಯದು ಕಲ್ನಾರು. ಹಳೆಯ ಬ್ರೇಕು, ಕ್ಲಚ್ಚುಗಳ ಲೈನಿಂಗಿನಲ್ಲಿ ಇದನ್ನು ಧಾರಾಳವಾಗಿ ಬಳಸಲಾಗುತ್ತಿತ್ತು. ಸವೆದು ಧೂಳಾದ ಇದರ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ನಾಟಿಕೊಂಡು, ಇಪ್ಪತ್ತು ನಲವತ್ತು ವರ್ಷಗಳ ಬಳಿಕ ಕ್ಯಾನ್ಸರ್ ಮೊದಲಾದ ರೋಗಗಳಿಗೆ ಎಡೆಮಾಡಬಲ್ಲವು. ಬೀಡಿ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಭಯ ಇನ್ನೂ ಅಧಿಕ.

ಹಾಗೆಂದು ನೋಡಲು ಹೋಗುವವರು ಅಂಜಬೇಕಾಗಿಲ್ಲ. ಗಾಜು ಭದ್ರವಾಗಿರುವ ಮೀಟರನ್ನು ಸ್ವಲ್ಪ ಹೊತ್ತು ನೋಡಿದ ಮಾತ್ರಕ್ಕೆ ಹೇಳುವಂತಹ ಹಾನಿಯಿಲ್ಲ. ಗಾಜು ಒಡೆದಿದ್ದರೆ ಮಾತ್ರ ಮಕ್ಕಳು ಕೈಯಿಕ್ಕದಂತೆ ನೋಡಿಕೊಳ್ಳಬೇಕು. ನಿಜವಾದ ಅಪಾಯವಿರುವುದು ದುರಸ್ತಿಗಾರನಿಗೆ. ಪ್ರದರ್ಶನದ ಬೆಡಗಿನ ಹಿಂದೆ ಅವನು ಕಣ್ಣಿಗೆ ಬೀಳುವುದಿಲ್ಲ. ಮಾಲೀಕರು ಅವನಿಂದ ಮೀಟರನ್ನು ಬಿಚ್ಚಿಸಬಾರದು, ಬಣ್ಣವನ್ನು ಕೆರೆಸಬಾರದು. ಬ್ರೇಕಿನ ಡ್ರಮ್ಮಿಗೆ ಗಾಳಿ ಹಾಯಿಸಿ ಧೂಳು ಹಾರಿಸಲೇಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಡಬೇಕು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು; ಸೂಕ್ಷ್ಮ ಧೂಳನ್ನು ತಡೆಯುವ ಮುಖವಾಡವೇ ಬೇಕು. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಗಳೊಡನೆ ಒಗೆಯಕೂಡದು.

ಯುದ್ಧ ಮುಗಿದು ಎಂಟು ದಶಕಗಳು ಸಂದಿವೆ. ಅದರ ವಾಹನವನ್ನು ಉಳಿಸುವ ಹಂಬಲ ಶ್ಲಾಘನೀಯವೇ. ಅದನ್ನು ಉಳಿಸಿಕೊಡುವ ಕೈಗಳ ಆರೋಗ್ಯವನ್ನು ಕಾಯುವುದು ಅದಕ್ಕಿಂತ ಮಿಗಿಲಾದ ಕರ್ತವ್ಯ.