ಸಭೆಗೆ ನೂರು, ಸಭೆ ಕೇಳಲು ಐನೂರು

ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿಯಲ್ಲಿ ರುಜು ಹಾಕದ ಕೈ ಸಿಗುವುದು ಕಷ್ಟ. ಬಸ್ಸು ಬೇಕೆಂದು, ಕೆರೆಗೆ ನೀರು ಬೇಕೆಂದು, ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯೆಂದು, ಬಾರ್ ಬೇಡವೆಂದು ಬರೆದ ಮನವಿಗಳಿಗೆಲ್ಲ ಊರು ರುಜು ಹಾಕುತ್ತದೆ, ಹೆಬ್ಬೆಟ್ಟು ಒತ್ತುತ್ತದೆ. ಮನವಿ ಕಡೂರಿಗೋ ಚಿಕ್ಕಮಗಳೂರಿಗೋ ಹೋಗುತ್ತದೆ, ಸೀಲು ಬೀಳುತ್ತದೆ. ಹತ್ತು ರುಜು ಇದ್ದರೂ ಹತ್ತು ಸಾವಿರ ಇದ್ದರೂ ಬೀಳುವುದು ಅದೇ ಸೀಲು. ಇಂತಿಷ್ಟು ರುಜು ಬಿದ್ದರೆ ಸರ್ಕಾರ ಇಂಥದ್ದನ್ನು ಮಾಡಲೇಬೇಕು ಎಂಬ ನಿಯಮ ಇದ್ದಿದ್ದರೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1911ರಿಂದ ಅಂಥ ನಿಯಮ ಇದೆ. ಅಲ್ಲಿ ಯಾವ ಮತದಾರನಾದರೂ ಒಂದು ಕಾನೂನನ್ನು ತಾನೇ ಬರೆದು, 2,000 ಡಾಲರ್ ಕಟ್ಟಿ, 180 ದಿನದೊಳಗೆ ರುಜು ಕೂಡಿಸಬಹುದು. ಸಾಮಾನ್ಯ ಕಾನೂನಾದರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತದ ಶೇಕಡ 5, ಸಂವಿಧಾನವನ್ನೇ ತಿದ್ದುವುದಾದರೆ ಶೇಕಡ 8. 2022ರ ಚುನಾವಣೆಯ ಲೆಕ್ಕದಲ್ಲಿ ಅದು 5,46,651 ಮತ್ತು 8,74,641. ಅಷ್ಟು ಸಿಂಧು ರುಜು ಸಿಕ್ಕರೆ ಪ್ರಶ್ನೆ ಮತಪತ್ರಕ್ಕೆ ಏರುತ್ತದೆ. ಜನ ಹೌದು ಎಂದರೆ ಅದೇ ಕಾನೂನು, ಗವರ್ನರ್ ತಡೆಯುವಂತಿಲ್ಲ.

ಆ ನಿಯಮವನ್ನು ಒಂದು ಸಲ ಕರ್ನಾಟಕಕ್ಕೆ ತಂದು ನೋಡೋಣ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಬಿದ್ದ ಮತ ಸುಮಾರು 3.9 ಕೋಟಿ. ಅದರ ಶೇಕಡ 5 ಎಂದರೆ 19.5 ಲಕ್ಷ ರುಜು. ಶೇಕಡ 8 ಎಂದರೆ 31 ಲಕ್ಷದ ಮೇಲೆ. ಸಣ್ಣದನ್ನೇ ಹಿಡಿಯೋಣ.

19.5 ಲಕ್ಷ ಬೇಕೆಂದರೆ ಅಷ್ಟೇ ಕೂಡಿಸಿದರೆ ಸಾಲದು. ಕೆಲವರು ಎರಡು ಸಲ ಹಾಕಿರುತ್ತಾರೆ, ಕೆಲವರ ಹೆಸರು ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ, ಇದ್ದರೂ ವಿಳಾಸ ತಾಳೆಯಾಗುವುದಿಲ್ಲ. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಸ್ಥಾನವಿರುವ ಹಿರೇನಲ್ಲೂರಿನ ಸುತ್ತ ಮಲ್ಲೇಶಪ್ಪ, ಮಲ್ಲಿಕಾರ್ಜುನಪ್ಪ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡಿಯಾರು! ಅವರಲ್ಲಿ ರುಜು ಹಾಕಿದವರು ಯಾರು ಎಂದು ಗುಮಾಸ್ತ ಹುಡುಕಬೇಕು. ಆದ್ದರಿಂದ ಶೇಕಡ 30ರಷ್ಟು ಹೆಚ್ಚಿಗೆ, ಅಂದರೆ 25 ಲಕ್ಷದಷ್ಟು ಕೈಯಲ್ಲಿರಬೇಕು. ಪುಟಕ್ಕೆ ಹತ್ತರಂತೆ 2.5 ಲಕ್ಷ ಹಾಳೆ. ಐನೂರು ರೀಮು, ಒಂದು ಟನ್ನಿಗೂ ಮೇಲೆ ತೂಕ. ಒಂದರ ಮೇಲೊಂದು ಪೇರಿಸಿದರೆ 25 ಮೀಟರ್ ಎತ್ತರ.

ಇಷ್ಟನ್ನು ಕೂಡಿಸುವವರು ಯಾರು? ಗಂಟೆಗೆ ಹತ್ತು ರುಜು ಎಂದಿಟ್ಟುಕೊಂಡರೂ ಅದು ಉದಾರ ಲೆಕ್ಕವೇ. ನಮ್ಮ ಕಡೆ ಒಂದು ಮನೆಗೆ ಹೋದರೆ ಕೂರಬೇಕು, ಕಾಫಿ ಬೇಡವೆಂದರೆ ಬೇಜಾರು, ತೆಂಗಿಗೆ ಬಂದ ರೋಗದ ಸುದ್ದಿ ಕೇಳಬೇಕು, ಆಮೇಲೆ ಪೆನ್ನು. ಇರಲಿ, ಗಂಟೆಗೆ ಹತ್ತೇ. 25 ಲಕ್ಷ ರುಜುವಿಗೆ ಎರಡೂವರೆ ಲಕ್ಷ ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಭಾನುವಾರ, ಹಬ್ಬ, ಜಾತ್ರೆ ಒಂದನ್ನೂ ಬಿಡದೆ ದುಡಿದರೂ 180 ದಿನದಲ್ಲಿ ಮುಗಿಸಲು ನೂರೆಪ್ಪತ್ತಕ್ಕೂ ಹೆಚ್ಚು ಜನ ಬೇಕು. 224 ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಕಡೂರಿನ ಪಾಲು 11 ಸಾವಿರ ದಾಟುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಹೆಚ್ಚಾಗಿ ಕೂಲಿಯವರೇ ಮಾಡುತ್ತಾರೆ. ಅಂಗಡಿ ಮುಂದೆ ಹಲಗೆ ಹಿಡಿದು ನಿಂತವರಿಗೆ ತಲಾ ರುಜುವಿಗೆ ಇಷ್ಟು ಎಂದು ದುಡ್ಡು. ಕಂಪನಿಗಳ ಲಾಭವೂ ಸೇರಿ ಒಂದು ಸಿಂಧು ರುಜುವಿನ ಖರ್ಚು ಹತ್ತು ಡಾಲರ್ ದಾಟಿದ್ದುಂಟು. ಹತ್ತೇ ಡಾಲರ್, ಡಾಲರಿಗೆ 85 ರೂಪಾಯಿ ಎಂದರೆ ನಮ್ಮ 19.5 ಲಕ್ಷಕ್ಕೆ 165 ಕೋಟಿ ರೂಪಾಯಿ. ವಿಧಾನಸಭೆಗೆ ನಿಂತ ಅಭ್ಯರ್ಥಿ ಕಾನೂನುಬದ್ಧವಾಗಿ ಮಾಡಬಹುದಾದ ಖರ್ಚು 40 ಲಕ್ಷ. ಒಂದು ಪಕ್ಷದ 224 ಅಭ್ಯರ್ಥಿಗಳೂ ಆ ಮಿತಿ ಮುಟ್ಟಿದರೆ 89.6 ಕೋಟಿ. (ಕಾಗದದ ಮೇಲಿನ ಮಿತಿ ಎಂದು ಓದಿಕೊಳ್ಳಿ.) ಜನಸಾಮಾನ್ಯನ ಅಸ್ತ್ರ ಎಂದು ಹುಟ್ಟಿದ್ದು ದುಡ್ಡಿದ್ದವನ ಕೈಗೆ ಹೋದದ್ದು ಹೀಗೆ. 2020ರಲ್ಲಿ ಊಬರ್, ಲಿಫ್ಟ್‌ನಂಥ ಕಂಪನಿಗಳು ತಮ್ಮ ಚಾಲಕರನ್ನು ನೌಕರರೆಂದು ಎಣಿಸಬಾರದೆಂಬ ಕಾನೂನನ್ನು ಇದೇ ದಾರಿಯಲ್ಲಿ ತಂದು, 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಗೆದ್ದವು. ಇನ್ನು ಮತಪತ್ರದ ಉದ್ದ ಕೇಳಬೇಡಿ. 2016ರಲ್ಲಿ ಅಲ್ಲಿನ ಮತದಾರ ಒಂದೇ ದಿನ 17 ರಾಜ್ಯಮಟ್ಟದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಅದಕ್ಕೆ ಸರ್ಕಾರ ಅಚ್ಚು ಹಾಕಿಸಿದ ಕೈಪಿಡಿ 224 ಪುಟ. ನಮ್ಮ ವಿಧಾನಸಭೆಗೆ ಕ್ಷೇತ್ರಕ್ಕೊಂದು ಪುಟದಂತೆ!

ಎಣಿಸುವ ಕಥೆ ಇನ್ನೂ ಸ್ವಾರಸ್ಯ. 1848ರಲ್ಲಿ ಇಂಗ್ಲೆಂಡಿನ ಚಾರ್ಟಿಸ್ಟರು ಎಲ್ಲ ಗಂಡಸರಿಗೂ ಮತ ಬೇಕೆಂದು ಪಾರ್ಲಿಮೆಂಟಿಗೆ ಮನವಿ ಹೊತ್ತು ತಂದರು. ಅವರ ನಾಯಕ ಫಿಯರ್ಗಸ್ ಓಕಾನರ್ ಹೇಳಿದ ಲೆಕ್ಕ 57 ಲಕ್ಷ ರುಜು. ಪಾರ್ಲಿಮೆಂಟಿನ ಸಮಿತಿ ಎಣಿಸಿ ಹೇಳಿದ್ದು 19,75,496. ವಿಕ್ಟೋರಿಯಾ ರಾಣಿಯ ಹೆಸರಲ್ಲೂ ರುಜು ಇತ್ತಂತೆ, ಮೊಂಡುಮೂಗ ಎಂಬಂಥ ಅಡ್ಡಹೆಸರುಗಳೂ ಇದ್ದವಂತೆ. ದೇಶ ನಕ್ಕಿತು. ಆದರೆ ಎಣಿಸಿದವರು 13 ಗುಮಾಸ್ತರು, ಹಿಡಿದದ್ದು 17 ಗಂಟೆ. ಭಾಗಿಸಿ ನೋಡಿ: ಒಬ್ಬೊಬ್ಬ ಗುಮಾಸ್ತ ಸೆಕೆಂಡಿಗೆ ಎರಡೂವರೆ ರುಜುವಿನಂತೆ, ಕಣ್ಣು ಮಿಟುಕಿಸದೆ, ಊಟಕ್ಕೆ ಏಳದೆ ಎಣಿಸಿರಬೇಕು. ಮನವಿ ಕೊಟ್ಟವರ ಲೆಕ್ಕ ಎಷ್ಟು ಉಬ್ಬಿತ್ತೋ ಎಣಿಸಿದವರ ಲೆಕ್ಕವನ್ನೂ ಅಷ್ಟೇ ಅನುಮಾನದಿಂದ ನೋಡಬೇಕು ಎಂದು ನನಗೆ ಅನ್ನಿಸುತ್ತದೆ. ಈಗಿನ ಕ್ಯಾಲಿಫೋರ್ನಿಯಾದವರು ಆ ಹುಚ್ಚಿಗೆ ಹೋಗುವುದಿಲ್ಲ. ದೊಡ್ಡ ಜಿಲ್ಲೆಗಳಲ್ಲಿ ನೂರಕ್ಕೆ ಮೂರರಂತೆ ಅಲ್ಲೊಂದು ಇಲ್ಲೊಂದು ಎತ್ತಿ ಪರೀಕ್ಷಿಸುತ್ತಾರೆ. ಅದರಿಂದ ಕಟ್ಟಿದ ಅಂದಾಜು ಬೇಕಾದ ಸಂಖ್ಯೆಯ ಶೇಕಡ 110 ದಾಟಿದರೆ ಪಾಸು, 95ಕ್ಕಿಂತ ಕೆಳಗಾದರೆ ನಪಾಸು, ನಡುವೆ ಬಿದ್ದರೆ ಮಾತ್ರ ಒಂದೊಂದನ್ನೂ ನೋಡುವುದು.

ನಮ್ಮ ಸಂವಿಧಾನದಲ್ಲಿ ಇದಾವುದೂ ಇಲ್ಲ. 1967ರ ಜನವರಿ 16ರಂದು ಮಹಾರಾಷ್ಟ್ರದ ಜೊತೆ ಸೇರುತ್ತೀರಾ ಎಂದು ಗೋವಾದ ಜನರನ್ನು ಕೇಳಲಾಯಿತು. 34,021 ಮತದ ಅಂತರದಲ್ಲಿ ಅವರು ಬೇಡ ಎಂದರು. ಆ ಪ್ರಶ್ನೆ ದೆಹಲಿಯಿಂದ ಬಂದದ್ದು, ಜನರ ರುಜುವಿನಿಂದ ಅಲ್ಲ. ರುಜುವಿಗೆ ನಿಜವಾದ ಹಲ್ಲು ಬಂದದ್ದು ರಾಜಸ್ಥಾನದಲ್ಲಿ, ಅದೂ ಹೆಂಡದಂಗಡಿಯ ವಿಷಯಕ್ಕೆ. ಅಲ್ಲಿ ಶೇಕಡ 20ರಷ್ಟು ಮತದಾರರು ರುಜು ಹಾಕಿದರೆ ಪಂಚಾಯಿತಿಯಲ್ಲಿ ಮತದಾನ ನಡೆಯಬೇಕು. ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಚ್ಚಿ ಎಂದರೆ ಅಂಗಡಿ ಮುಚ್ಚಬೇಕು. 2016ರಲ್ಲಿ ರಾಜಸಮಂದ್ ಜಿಲ್ಲೆಯ ಕಾಛಬಲಿಯಲ್ಲಿ ಹಾಗೆಯೇ ಆಯಿತು. ಬಿದ್ದ ಮತಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಅಂಗಡಿಯ ವಿರುದ್ಧ.

ಕರ್ನಾಟಕದ ಹೆಂಗಸರಿಗೆ ಆ ದಾರಿ ಇಲ್ಲ. ಅವರು ಕಾಲನ್ನು ನಂಬಿದರು. 2019ರ ಜನವರಿಯಲ್ಲಿ, ಕಡೂರಿಗೆ ಪಕ್ಕದ ಚಿತ್ರದುರ್ಗದಿಂದ ಹೊರಟ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಬೆಂಗಳೂರಿಗೆ ನಡೆದರು. ಸುಮಾರು 200 ಕಿಲೋಮೀಟರ್, ಒಬ್ಬೊಬ್ಬರಿಗೂ ಮೂರು ಲಕ್ಷ ಹೆಜ್ಜೆಯ ಆಸುಪಾಸು.

ಹಾಗಾದರೆ ಹಿರೇನಲ್ಲೂರಿನವರ ರುಜುವಿಗೆ ಕಾನೂನಿನ ಬೆಲೆಯೇ ಇಲ್ಲವೇ? ಇದೆ, ಒಂದು ಕಡೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 3ಎ ಪ್ರಕರಣದಲ್ಲಿ. ಗ್ರಾಮಸಭೆಯ ಸದಸ್ಯರಲ್ಲಿ, ಅಂದರೆ ಪಂಚಾಯಿತಿಯ ಮತದಾರರಲ್ಲಿ ಶೇಕಡ 10 ಜನ ವಿಷಯ ಇಂಥದ್ದು ಎಂದು ಸೂಚಿಸಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ಕರೆಯಬಹುದು ಎಂದಲ್ಲ. ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳಿರಬೇಕು, ಅಷ್ಟೇ.

ಈಗ ಈ ಶೇಕಡ 10ನ್ನು ಕ್ಯಾಲಿಫೋರ್ನಿಯಾದ ಪಕ್ಕ ಇಡಿ. ಅಲ್ಲಿನ ಶೇಕಡ 5 ಬಿದ್ದ ಮತದ ಮೇಲಿನ ಲೆಕ್ಕ. ನೋಂದಾಯಿತ ಮತದಾರರೇ ಸುಮಾರು 2.2 ಕೋಟಿ ಇರುವಾಗ 5,46,651 ಎಂದರೆ ಶೇಕಡ ಎರಡೂವರೆ. ಅಂದರೆ ಅಲ್ಲಿ ಇಡೀ ರಾಜ್ಯಕ್ಕೆ ಒಂದು ಕಾನೂನು ತರಲು ಬೇಕಾದ ರುಜುವಿನ ಪ್ರಮಾಣಕ್ಕಿಂತ ಇಲ್ಲಿ ಊರಲ್ಲೊಂದು ಸಭೆ ಕೇಳಲು ಬೇಕಾದದ್ದು ನಾಲ್ಕು ಪಟ್ಟು!

ಅದಕ್ಕಿಂತ ಬೆರಗಿನದು ಅದೇ ಪ್ರಕರಣದ ಒಳಗಿದೆ. ಗ್ರಾಮಸಭೆಯ ಕೋರಂ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಕೋರಂಗೆ ನೂರರ ಮಿತಿ ಉಂಟು, ಕೋರಿಕೆಗೆ ಇಲ್ಲ. 5,000 ಮತದಾರರ ಪಂಚಾಯಿತಿಯಲ್ಲಿ ಸಭೆ ನಡೆಸಲು ನೂರು ಜನ ಸಾಕು, ಸಭೆ ಕರೆಯಿರಿ ಎಂದು ಕೇಳಲು ಐನೂರು ರುಜು ಬೇಕು. ಬೇಡಿಕೆಯ ವಿರುದ್ಧ ಇರುವವರೆಲ್ಲ ಮನೆಯಲ್ಲೇ ಕೂತರೂ, ರುಜು ಹಾಕಿದವರಲ್ಲಿ ಐದಕ್ಕೆ ಒಬ್ಬರು ಬಂದರೆ ಕೋರಂ ತುಂಬುತ್ತದೆ.

ವಾರ್ಡ್ ಸಭೆಗೂ ಇದೇ ಹದ: ಶೇಕಡ 10ರ ಕೋರಿಕೆ, ಕೋರಂ ಮಾತ್ರ ಹತ್ತನೇ ಒಂದು ಅಥವಾ ಇಪ್ಪತ್ತು ಜನ. 800 ಮತದಾರರ ವಾರ್ಡ್ ಎಂದರೆ 80 ರುಜು. ಗಂಟೆಗೆ ಹತ್ತರಂತೆ ಒಬ್ಬರ ಒಂದು ದಿನದ ಕೆಲಸ, ಕಾಫಿಯೂ ಸೇರಿ. ಎಂಟು ಹಾಳೆ ಸಾಕು. ಆದರೆ ಹಾಳೆಯ ತಲೆಯಲ್ಲಿ ಸಭೆಯಲ್ಲಿ ಚರ್ಚಿಸಬೇಕಾದ ವಿಷಯ ಬರೆದಿರಬೇಕು. ‘ಊರಿನ ಸಮಸ್ಯೆಗಳ ಬಗ್ಗೆ’ ಎಂದಷ್ಟೇ ಬರೆದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಮಾಮೂಲಿ ಮನವಿಗಳ ಕಟ್ಟಿಗೆ ಸೇರಿಸಿಬಿಡಬಹುದು.