'ನಿನಗೆ ವಕೀಲರಿದ್ದಾರೆಯೇ?'

ಗಂಗಾವತಿ ಸೀಮೆಯ ಭತ್ತದ ಗದ್ದೆಯಲ್ಲಿ ಬದುವಿನ ಜಗಳ ಹೊಡೆದಾಟಕ್ಕೆ ತಿರುಗುತ್ತದೆ. ರಾತ್ರಿ ಪೊಲೀಸರು ಬಂದು ಒಬ್ಬನನ್ನು ಠಾಣೆಗೆ ಕರೆದೊಯ್ಯುತ್ತಾರೆ. ಮನೆಯವರು ಮೊದಲು ಓಡುವುದು ಊರ ಹಿರಿಯರ ಬಳಿಗೆ, ಇಲ್ಲವೇ ಪರಿಚಯದ ಪುಢಾರಿಯ ಬಳಿಗೆ. ಅಲ್ಲಿ ಆಗದಿದ್ದರೆ ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಸಿಗುವ ಮಧ್ಯವರ್ತಿಯ ಬಳಿಗೆ. ವಕೀಲರ ನೆನಪಾಗುವುದು ಮರುದಿನ, ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ 'ನಿನಗೆ ವಕೀಲರಿದ್ದಾರೆಯೇ?' ಎಂದು ಕೇಳಿದಾಗ. ಅಷ್ಟರಲ್ಲಿ ಪ್ರಕರಣದ ಅರ್ಧ ಹಣೆಬರಹ ಠಾಣೆಯಲ್ಲೇ ಬರೆದು ಮುಗಿದಿರುತ್ತದೆ.

ಮ್ಯಾಜಿಸ್ಟ್ರೇಟರ ಆ ಪ್ರಶ್ನೆ ಸೌಜನ್ಯದ ಮಾತಲ್ಲ. ಬಂಧಿತನು ತನಗೆ ಬೇಕಾದ ವಕೀಲರನ್ನು ಕಂಡು ಮಾತನಾಡಬಹುದು, ಅವರಿಂದ ವಾದ ಮಾಡಿಸಬಹುದು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಮುಂಬೈ ದಾಳಿಯ ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆರೋಪಿಯನ್ನು ಮೊದಲ ಸಲ ಹಾಜರುಪಡಿಸಿದಾಗಲೇ ಈ ಹಕ್ಕನ್ನು ಅವನಿಗೆ ತಿಳಿಸಬೇಕು, ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಒದಗಿಸಬೇಕು ಎಂದಿತು. ಕಸಬನಿಗೂ ಸಿಕ್ಕ ಹಕ್ಕು ಯಲಬುರ್ಗಾದ ಕುರಿಗಾಹಿಗೆ ಸಿಗದೇ ಹೋಗುವುದು ಸಾಮಾನ್ಯವಾಗಿ ಕಾನೂನಿನ ಕೊರತೆಯಿಂದಲ್ಲ, ಕೇಳುವವರಿಲ್ಲದ್ದರಿಂದ.

ಕೊಪ್ಪಳದ ಮಟ್ಟಿಗೆ 'ವಕೀಲ' ಎಂಬ ಪದಕ್ಕೆ ವಿಶೇಷ ಹಳಮೆಯಿದೆ. ಅರಬ್ಬಿ ಮೂಲದ ಈ ಪದಕ್ಕೆ, ಒಬ್ಬನ ಪರವಾಗಿ ಕೆಲಸ ನಡೆಸಲು ನಂಬಿಕೆಯಿಂದ ನೇಮಿಸಲ್ಪಟ್ಟವನು ಎಂಬ ಅರ್ಥ. ಒಬ್ಬ ದೊರೆಯ ಪ್ರತಿನಿಧಿಯಾಗಿ ಇನ್ನೊಬ್ಬ ದೊರೆಯ ದರ್ಬಾರಿನಲ್ಲಿ ಇರುತ್ತಿದ್ದವನೂ ಹಿಂದೆ ವಕೀಲನೇ. ಇಂದಿನ ಕೊಪ್ಪಳ ಜಿಲ್ಲೆಯ ನೆಲ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಆಡಳಿತದ ಭಾಷೆ ಉರ್ದು. ಕನ್ನಡವಷ್ಟೇ ಬಲ್ಲ ರೈತನಿಗೆ ತನ್ನ ಮೇಲಿನ ಆರೋಪವೇನೆಂದು ತಿಳಿಯಲೂ ಇನ್ನೊಬ್ಬರ ಬಾಯಿ ಬೇಕಿತ್ತು. ವಕಾಲತ್ತು, ಜಾಮೀನು, ಮುಚ್ಚಳಿಕೆ, ಫಿರ್ಯಾದಿ, ಪಂಚನಾಮೆ, ಗುಮಾಸ್ತ, ಅಮೀನ ಎಂಬ ಮಾತುಗಳು ಇಂದಿಗೂ ಕೋರ್ಟಿನ ಆವರಣದಲ್ಲಿ ಹಾಗೆಯೇ ಉಳಿದಿವೆ. 'ನ್ಯಾಯವಾದಿ' ಎಂಬ ಹೆಸರು ಫಲಕದ ಮೇಲೆ ಬಂದರೂ ಕಕ್ಷಿದಾರನ ಬಾಯಲ್ಲಿ ಅವರು 'ವಕೀಲ್ ಸಾಹೇಬ್ರು'.

ಭಾಷೆಯ ಈ ಗೋಡೆ ಕುಸಿದದ್ದು ನಿಧಾನವಾಗಿ. 1956ರಲ್ಲಿ ಈ ಪ್ರದೇಶ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು ಎಂಬ ಮಾತು ಸುಪ್ರೀಂ ಕೋರ್ಟಿನಿಂದ ಸ್ಪಷ್ಟವಾಗಿ ಬಂದದ್ದು 2025ರ ನವೆಂಬರಿನಲ್ಲಿ.

ಠಾಣೆಯ ಆ ಮೊದಲ ರಾತ್ರಿಗೇ ಮರಳೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರವೂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ, ಬಂಧಿತನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧುವಿಗೆ ಇಲ್ಲವೇ ಗೆಳೆಯನಿಗೆ ಸುದ್ದಿ ಮುಟ್ಟಿಸಬೇಕು. ವಿಚಾರಣೆ ನಡೆಯುವಾಗ, ಉದ್ದಕ್ಕೂ ಅಲ್ಲದಿದ್ದರೂ, ವಕೀಲರನ್ನು ಭೇಟಿಯಾಗಲು ಬಿಡಬೇಕು. ಈ ಭೇಟಿಯ ಬೆಲೆ ಹಲವರಿಗೆ ತಿಳಿದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ, ನಿಜ. ಆದರೆ ಅವನು ಹೇಳಿದ ಜಾಗದಲ್ಲಿ ಕೊಡಲಿ ಸಿಕ್ಕಿತೆಂದರೆ ಆ ಮಾತಿನ ಅಷ್ಟು ಭಾಗ ಕೋರ್ಟಿನೊಳಗೆ ಬರುತ್ತದೆ. ಯಾವ ಮಾತು ಎಲ್ಲಿಗೆ ತಲುಪುತ್ತದೆ ಎಂಬುದನ್ನು ಹೆದರಿದವನೊಬ್ಬ ಠಾಣೆಯ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಲಾರ.

ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಅಗತ್ಯವಿಲ್ಲದೆ ಬಂಧಿಸುವಂತಿಲ್ಲ, ಮೊದಲು ಹಾಜರಾಗಲು ನೋಟಿಸು ಕೊಡಬೇಕು ಎಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಗಟ್ಟಿಯಾದ ನಿಯಮ. ನೋಟಿಸು ಕಂಡು ಊರು ಬಿಡುವವರೇ ಹೆಚ್ಚು ತೊಂದರೆಗೆ ಸಿಲುಕುತ್ತಾರೆ. ಹಾಜರಾಗದಿರುವುದೇ ಬಂಧನಕ್ಕೆ ಕಾರಣವಾಗಬಹುದು. ಇನ್ನು ಒಳಗೆ ಹೋದವನಿಗೆ ದಿನ ಎಣಿಸಬಲ್ಲ ವಕೀಲರು ಬೇಕು. ಅಪರಾಧದ ತೀವ್ರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಆದರೆ ಅರ್ಜಿ ಹಾಕಬೇಕು, ಅದೂ ಪಟ್ಟಿ ಸಲ್ಲಿಕೆಯಾಗುವ ಮೊದಲು. ಒಂದು ದಿನ ತಡವಾಗಿ, ಅಷ್ಟರಲ್ಲಿ ಪಟ್ಟಿ ಬಂದರೆ ಆ ಹಕ್ಕು ಹೋಯಿತು.

ಜಾಮೀನು ಸಿಕ್ಕ ಮೇಲೂ ಒಂದು ತೊಡಕಿದೆ. ಕುಷ್ಟಗಿ, ಯಲಬುರ್ಗಾಗಳಿಂದ ಗುಳೆ ಹೋದವನು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಂಧನಕ್ಕೊಳಗಾದರೆ ಅವನಿಗೆ ಜಾಮೀನು ನಿಲ್ಲುವವರ ಪಹಣಿ ಊರಿನದು. ಬೇರೆ ಜಿಲ್ಲೆಯ ಆಸ್ತಿ ಎಂಬ ಕಾರಣಕ್ಕೆ ಜಾಮೀನುದಾರನನ್ನು ತಿರಸ್ಕರಿಸಬಾರದು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ, ಮೋತಿರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣದಲ್ಲಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ ಹೇಳಿದೆ. ಇಂಥಲ್ಲಿ ಸ್ಥಳೀಯ ವಕೀಲರೆಂದರೆ ಬಂಧನವಾದ ಊರಿನವರು. ಪಹಣಿ, ಗುರುತಿನ ಕಾಗದ ಹೊಂದಿಸಿ ಕಳಿಸಲು ಸ್ವಂತ ಊರಿನಲ್ಲೊಬ್ಬರು ಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಕೋರ್ಟುಗಳಿವೆ, ನಾಲ್ಕೂ ಕಡೆ ವಕೀಲರಿದ್ದಾರೆ. ಆದರೂ ಕೈಯಲ್ಲಿ ನಾಲ್ಕು ಕಾಸಿದ್ದವರಿಗೆ ದೊಡ್ಡ ಊರಿನ ದೊಡ್ಡ ವಕೀಲರ ಮೇಲೆ ಕಣ್ಣು. ಕ್ಲಿಷ್ಟ ಕಾನೂನಿನ ಪ್ರಶ್ನೆಯಿದ್ದಾಗ ಅದು ಸರಿಯೇ. ಆದರೆ ಕ್ರಿಮಿನಲ್ ಮೊಕದ್ದಮೆಯ ಜೀವ ಇರುವುದು ಸಾಕ್ಷಿಗಳ ಪಾಟೀಸವಾಲಿನಲ್ಲಿ. 'ನಸುಕಿನಾಗ ನೋಡೀನ್ರಿ' ಎಂದು ಸಾಕ್ಷಿ ಹೇಳಿದರೆ, ಆ ನಸುಕಿನಲ್ಲಿ ಹತ್ತು ಮಾರು ದೂರದ ಮುಖ ಗುರುತು ಸಿಗುತ್ತದೆಯೇ ಎಂಬ ಮುಂದಿನ ಪ್ರಶ್ನೆ ಹೊಳೆಯುವುದು ಆ ಮಾತು, ಆ ಬೆಳಕು ಎರಡನ್ನೂ ಬಲ್ಲವರಿಗೆ. ಪಂಚನಾಮೆಯಲ್ಲಿ ಬರೆದ ಕಾಲುವೆಯಿಂದ ಹೊಲ ನಿಜವಾಗಿ ಎಷ್ಟು ದೂರ ಎಂದು ಸ್ವತಃ ಹೋಗಿ ನೋಡಿಬರುವುದೂ ಹತ್ತಿರದವರಿಗೆ ಸುಲಭ.

ಹತ್ತಿರ ಇರುವುದಕ್ಕೆ ಇನ್ನೊಂದು ಮುಖವಿದೆ. ಎದುರು ಪಕ್ಷದವರ ಆಸ್ತಿ ದಾವೆಯನ್ನು ಅದೇ ವಕೀಲರು ನಡೆಸುತ್ತಿರಬಹುದು, ಜಾತಿ ಸಂಬಂಧವೋ ರಾಜಕೀಯವೋ ಅಡ್ಡ ಬರಬಹುದು. ಇದನ್ನು ಮೊದಲ ಭೇಟಿಯಲ್ಲೇ ಕೇಳಿಬಿಡುವುದು ಒಳ್ಳೆಯದು. ಒಮ್ಮೊಮ್ಮೆ ಊರಿಗೆ ಊರೇ ಬೆನ್ನು ತಿರುಗಿಸುವುದೂ ಉಂಟು. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ಮೂವರು ಕಾಶ್ಮೀರಿ ವಿದ್ಯಾರ್ಥಿಗಳು ರಾಜದ್ರೋಹದ ಆರೋಪದ ಮೇಲೆ ಬಂಧಿತರಾದಾಗ, ಅವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಬೆಂಗಳೂರಿನಿಂದ ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಆ ನಿರ್ಣಯವನ್ನು ಕಟುವಾಗಿ ಆಕ್ಷೇಪಿಸಿತು. ಇಂಥ ನಿರ್ಣಯಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಆಗಲೇ ಹೇಳಿತ್ತು. ಸಂಘದ ನಿರ್ಣಯಕ್ಕಿಂತ ಕಕ್ಷಿದಾರನ ಹಕ್ಕು ದೊಡ್ಡದು.

ಕೊಪ್ಪಳ ಜಿಲ್ಲೆಯ ಹೆಸರು ದೇಶದಾದ್ಯಂತ ಕೇಳಿಬಂದ ಕ್ರಿಮಿನಲ್ ಪ್ರಕರಣವೆಂದರೆ ಗಂಗಾವತಿ ತಾಲ್ಲೂಕಿನ ಮರಕುಂಬಿಯದು. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಅವರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಹಲವು ಆರೋಪಿಗಳು ತೀರ್ಪಿಗೆ ಮೊದಲೇ ತೀರಿಕೊಂಡಿದ್ದರು. ಮರುತಿಂಗಳು ಧಾರವಾಡ ಹೈಕೋರ್ಟ್ ಪೀಠ ಶಿಕ್ಷಿತರಲ್ಲಿ ಬಹುತೇಕರಿಗೆ, ಮೇಲ್ಮನವಿ ಇತ್ಯರ್ಥವಾಗುವವರೆಗೆ, ಜಾಮೀನು ನೀಡಿತು.

ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ನಿರೀಕ್ಷಣಾ ಜಾಮೀನಿಗೆ ಅವಕಾಶವಿಲ್ಲ. ದಲಿತರ ವಾಸದ ಮನೆಯನ್ನು ಬೆಂಕಿಯಿಟ್ಟು ನಾಶಮಾಡಿದರೆ ಕಾಯ್ದೆ ಹೇಳುವ ಶಿಕ್ಷೆ ಜೀವಾವಧಿ, ಅದಕ್ಕಿಂತ ಕಡಿಮೆಯಿಲ್ಲ. ಸಂತ್ರಸ್ತರ ಮಾತು ಕೇಳದೆ ಜಾಮೀನು ಕೊಡುವಂತಿಲ್ಲ ಎಂದೂ ಕಾಯ್ದೆಯಲ್ಲಿದೆ. ಶತಮಾನಗಳ ಕಾಲ ಯಾವ ಚಾವಡಿಯಲ್ಲೂ ಮಾತಿಲ್ಲದವರಿಗೆ ಸಿಕ್ಕ ಮಾತು ಅದು. ಇಷ್ಟು ಭಾರದ ಆರೋಪದಲ್ಲಿ ಪ್ರತಿ ಆರೋಪಿಯ ಸ್ಥಾನವನ್ನೂ ಬೇರೆಬೇರೆಯಾಗಿ ತೂಗಬೇಕಾಗುತ್ತದೆ. ಆದರೆ ಗುಂಪು ಪ್ರಕರಣಗಳಲ್ಲಿ ಹಳ್ಳಿಗಳ ರೂಢಿಯೇ ಬೇರೆ. ಮನೆಗಿಷ್ಟು ಎಂದು ಪಟ್ಟಿ ಹಾಕಿ ಹಣ ಕೂಡಿಸಿ ಎಲ್ಲರಿಗೂ ಸೇರಿ ಒಬ್ಬರೇ ವಕೀಲರನ್ನು ಗೊತ್ತುಮಾಡುವುದುಂಟು. ಒಬ್ಬ ಬೆಂಕಿ ಹಿಡಿದವನು, ಇನ್ನೊಬ್ಬ ನೋಡಲು ನಿಂತವನು, ಮತ್ತೊಬ್ಬ ಆ ದಿನ ಊರಲ್ಲೇ ಇಲ್ಲದವನು. ಮೂರನೆಯವನನ್ನು ಉಳಿಸುವ ಸಾಕ್ಷ್ಯವೇ ಮೊದಲನೆಯವನನ್ನು ಹಿಡಿದುಕೊಡಬಹುದು. ಇಬ್ಬರಿಗೂ ಒಬ್ಬರೇ ವಕೀಲರಾದರೆ ಅವರು ಯಾವ ಪ್ರಶ್ನೆ ಕೇಳಬೇಕು? ಊರ ಒಗ್ಗಟ್ಟಿನ ಹೆಸರಿನಲ್ಲಿ ನಿರಪರಾಧಿ ಮೌನವಾಗುವ ಜಾಗ ಇದು. ಪಟ್ಟಿ ಬರೆಯುವ ಹಿರಿಯರಿಗೆ ಇದು ರುಚಿಸದಿದ್ದರೂ ಅಂಥವನು ತನ್ನ ವಕೀಲರನ್ನು ತಾನೇ ನೇಮಿಸಿಕೊಳ್ಳುವುದು ಕ್ಷೇಮ.

ಸರಿ, ಒಳ್ಳೆಯ ವಕೀಲರನ್ನು ಗುರುತಿಸುವುದು ಹೇಗೆ? ಜಾಹೀರಾತಿನಿಂದಲ್ಲ, ಏಕೆಂದರೆ ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ ನಾಮಫಲಕ ಕೂಡ ಹದವಾದ ಅಳತೆಯಲ್ಲಿರಬೇಕು ಎನ್ನುತ್ತದೆ. 'ಗೆದ್ದರೆ ಇಷ್ಟು, ಸೋತರೆ ಬೇಡ' ಎಂಬ ಶುಲ್ಕದ ಕರಾರೂ ನಿಷಿದ್ಧ. 'ಜಾಮೀನು ಗ್ಯಾರಂಟಿ' ಎನ್ನುವವರಿಂದ ದೂರ ಸರಿಯುವುದೇ ಲೇಸು; ಆ ಗ್ಯಾರಂಟಿ ಕೊಡುವ ಅಧಿಕಾರ ವಕೀಲರಿಗಿಲ್ಲ. ಒಂದು ದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತು ಯಾರು ಕಡತ ಓದಿಕೊಂಡು ಬರುತ್ತಾರೆ, ಯಾರು ಬರೀ ಮುಂದಿನ ತಾರೀಖು ಕೇಳುತ್ತಾರೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಕ್ರಿಮಿನಲ್ ಕೋರ್ಟಿನ ಬಾಗಿಲು ಸಾರ್ವಜನಿಕರಿಗೆ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಶುಲ್ಕದ ಮಾತನ್ನು ಮೊದಲೇ ಆಡಬೇಕು: ಜಾಮೀನಿಗೆ ಮಾತ್ರವೋ, ಇಡೀ ವಿಚಾರಣೆಗೋ, ಗುಮಾಸ್ತನ ಖರ್ಚು ಸೇರಿದೆಯೋ ಇಲ್ಲವೋ. ಕೊಟ್ಟ ಹಣಕ್ಕೆ ರಸೀದಿ ಕೇಳುವುದು ಅವಮರ್ಯಾದೆಯಲ್ಲ. ವಕೀಲರನ್ನು ಬದಲಿಸಬೇಕೆನಿಸಿದರೆ ಬದಲಿಸಬಹುದು. ಶುಲ್ಕ ಬಾಕಿಯಿದೆ ಎಂದು ಕಕ್ಷಿದಾರನ ಕಡತವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ನೀಡಿದೆ.

ಹಣವೇ ಇಲ್ಲದವರ ಮಾತೇನು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿಯುಂಟು. ಜೈಲಿನಲ್ಲಿರುವವನು ಯಾವ ಜಾತಿಯವನಾದರೂ, ಎಷ್ಟು ಎಕರೆ ಇದ್ದರೂ ಅರ್ಹ ಎಂಬುದನ್ನು ಗಮನಿಸಬೇಕು. ಅರ್ಜಿಯನ್ನು ಜಿಲ್ಲಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಕೊಡಬೇಕು, ಜೈಲಿನಿಂದಲೂ ಕಳಿಸಬಹುದು. 15100 ಎಂಬ ಉಚಿತ ದೂರವಾಣಿಯೂ ಇದೆ. ಪುಕ್ಕಟೆ ವಕೀಲರು ಗಮನ ಕೊಡುವುದಿಲ್ಲ ಎಂಬ ದೂರು ಹಳೆಯದು. ಅದಕ್ಕಾಗಿಯೇ 2022ರಿಂದ ಹಲವು ಜಿಲ್ಲೆಗಳಲ್ಲಿ, ಖಾಸಗಿ ಮೊಕದ್ದಮೆ ನಡೆಸದೆ ಆರೋಪಿಗಳ ಪರವಾಗಿ ಪೂರ್ಣಾವಧಿ ಕೆಲಸ ಮಾಡುವ ವಕೀಲರನ್ನು ನೇಮಿಸುವ ಯೋಜನೆ ಬಂದಿದೆ.

ಸತ್ರ ನ್ಯಾಯಾಲಯದಲ್ಲಿ ಶಿಕ್ಷೆಯಾದರೆ ಮುಂದಿನ ದಾರಿ ಧಾರವಾಡಕ್ಕೆ. 2008ರ ಜುಲೈಗೆ ಮುನ್ನ ಇದಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು. ಆ ತಿಂಗಳು ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅವು ಕಾಯಂ ಆದವು. ಕೊಪ್ಪಳ ತನ್ನ ಹಳೆಯ ಜಿಲ್ಲೆ ರಾಯಚೂರಿನ ಜೊತೆ ಕಲಬುರಗಿಗೆ ಹೋಗದೆ ಧಾರವಾಡಕ್ಕೆ ಸೇರಿತು. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಧಿಯಿದೆ. ತೀರ್ಪಿನ ಪ್ರತಿ ಶಿಕ್ಷಿತನಿಗೆ ಉಚಿತ. ಅದನ್ನೂ, ಜೈಲಿನ ಅಧಿಕಾರಿಯ ಎದುರು ರುಜು ಹಾಕಿಸಿದ ಹೊಸ ವಕಾಲತ್ತನ್ನೂ, ಸಾಕ್ಷಿ ಹೇಳಿಕೆಗಳ ನಕಲುಗಳನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮನೆಯವರಲ್ಲೊಬ್ಬರು ಬೆಳಗಿನ ಬಸ್ಸು ಹತ್ತಬೇಕು. ಧಾರವಾಡದ ವಕೀಲರು ಮೊದಲು ಕೇಳುವುದು ಆ ಚೀಲದಲ್ಲಿರುವ ಪಾಟೀಸವಾಲಿನ ಹಾಳೆಗಳನ್ನು. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗೆ ಯಾವ ಪ್ರಶ್ನೆ ಹಾಕಲಾಗಿತ್ತು, ಯಾವುದನ್ನು ಹಾಕಿರಲೇ ಇಲ್ಲ ಎಂದು ನೋಡಲು.